ಒಂಬತ್ತನೇ ಕಾಲಂನಲ್ಲಿ ಅಪ್ಪ

ಅಪ್ಪ ಹೋದ ಇಪ್ಪತ್ತೆರಡನೇ ದಿನ ಸೊಸೈಟಿ ಮೆಟ್ಟಿಲು ಹತ್ತಿದೆ. 2021ರ ಫೆಬ್ರವರಿ. ಅಟ್ಟದ ತುಂಬ ಕಾಯಿ, ಕೈಯಲ್ಲಿ ಮಾತ್ರ ಕಾಸಿಲ್ಲ. ಅಪ್ಪನ ಹೆಸರಲ್ಲಿದ್ದ ಬೆಳೆಸಾಲವನ್ನು ಮಾರ್ಚ್ ಒಳಗೆ ಕಟ್ಟಿ ಹೊಸದಾಗಿ ಎತ್ತಬೇಕಿತ್ತು. ಬಡ್ಡಿ ಇಲ್ಲದ ಸಾಲ, ಆಗ ಅದರ ಮಿತಿ 3 ಲಕ್ಷ. ಸೆಕ್ರೆಟರಿ ಅಪ್ಪನ ಜೊತೆ ಎಲೆಅಡಿಕೆ ಹಂಚಿಕೊಂಡು ತಿಂದವರು. ನನ್ನ ಮುಖ ನೋಡಿ, ಲೆಡ್ಜರ್ ನೋಡಿ, "ಕಟ್ಟೋದು ಕಟ್ಟಪ್ಪ, ಬೇಡ ಅನ್ನಲ್ಲ. ಹೊಸದು ಕೊಡೋಕೆ ಪಹಣಿ ನಿನ್ನ ಹೆಸರಿಗೆ ಬರ್ಬೇಕು. ಪೌತಿ ಖಾತೆ ತಾನೆ, ಒಂದು ತಿಂಗಳ ಕೆಲಸ, ಮಾಡಿಸ್ಕೊಂಬಾ" ಅಂದರು. ಪೌತಿ ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದು.

ಆ ಒಂದು ತಿಂಗಳು ಇಪ್ಪತ್ತು ತಿಂಗಳಾಯಿತು.

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಅಪ್ಪನನ್ನು ಊರಲ್ಲಿ ಹೆಸರು ಹಿಡಿದು ಕರೆದವರು ಕಡಿಮೆ, ಎಲ್ಲರಿಗೂ ಮಿಲ್ ಯಜಮಾನ್ರು. ಮೂರು ಸರ್ವೆ ನಂಬರಿನಲ್ಲಿ ಒಟ್ಟು 9 ಎಕರೆ 22 ಗುಂಟೆ, ಒಂದು ಹಿಟ್ಟಿನ ಮಿಲ್ಲು, ಜೊತೆಗೆ ಸುತ್ತಲ ನಾಲ್ಕು ಹಳ್ಳಿಯ ಕೊಬ್ಬರಿ ಕೂಡಿಸಿ ತಿಪಟೂರು ಮಂಡಿಗೆ ಹಾಕುವ ಚಿಲ್ಲರೆ ವ್ಯಾಪಾರ. ಹೊರಗಿನವರ ಕಣ್ಣಿಗೆ ಜಮೀನ್ದಾರ. ಒಳಗಿನ ಲೆಕ್ಕ ಬೇರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮನ್ನು ಸಾಕಿದ್ದು 1986ರಲ್ಲಿ ಹಾಕಿದ ಆ ಮಿಲ್ಲು. ಬೆಳಿಗ್ಗೆ ಏಳಕ್ಕೆ ಬೆಲ್ಟು ಏರಿಸಿದರೆ ಅಪ್ಪನ ಹುಬ್ಬಿನಿಂದ ಹಿಡಿದು ಪಕ್ಕದ ಬೇವಿನ ಎಲೆಯವರೆಗೂ ರಾಗಿ ಧೂಳು. ಅಪ್ಪನ ಕೆಮ್ಮೂ ಅದೇ ಮಿಲ್ಲಿನದು ಅಂತ ಅಮ್ಮ ಈಗಲೂ ಅನ್ನುತ್ತಾಳೆ.

ಕಾಗದ ಹುಡುಕೋಣ ಅಂತ ಟ್ರಂಕು ತೆಗೆದಾಗ ಮೊದಲು ಸಿಕ್ಕಿದ್ದು ಪಹಣಿಯಲ್ಲ, ಕೆಂಪು ಬಟ್ಟೆಯ ರಟ್ಟಿನ ಉದ್ದನೆ ಲೆಕ್ಕದ ಪುಸ್ತಕಗಳು. ವರ್ಷಕ್ಕೊಂದು. ಅದರಲ್ಲಿ ಯಾರಿಗೂ ಪೂರ್ತಿ ಹೆಸರಿಲ್ಲ. "ಕಟ್ಟೆ ಮನೆ ಕುಳ್ಳ, ಮುಂಗಡ 2000." "ಬಳೆಗಾರ್ತಿ ಮಗ, ಕೊಬ್ಬರಿ 1 ಕ್ವಿಂಟಲ್ 12 ಕೆ.ಜಿ., ತೇವ." ಕೊನೆಯ ಆ 'ತೇವ' ಅಂದರೆ ಕೊಬ್ಬರಿ ಸರಿಯಾಗಿ ಒಣಗಿಲ್ಲ, ತೂಕದಲ್ಲಿ ಹಿಡಿಯಬೇಕು ಅಂತ. ಯಾರು ಯಾರಿಗೆ ಎಷ್ಟು ಬಾಕಿ ಅನ್ನೋದು ಅಮ್ಮನಿಗೆ ಬಾಯಲ್ಲೇ ಇತ್ತು. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನವೇ ಇಬ್ಬರು ಬಂದು, ಯಜಮಾನ್ರು ನಮಗೆ ಕೊಡೋದಿತ್ತು ಅಂದರು. ಒಬ್ಬನಿಗೆ ಅಮ್ಮ ಒಳಗಿಂದ ತಂದು ಕೊಟ್ಟಳು. ಇನ್ನೊಬ್ಬನಿಗೆ "ಹೋದ ಯುಗಾದಿಗೆ ನೀನೇ ಇಸ್ಕೊಂಡು ಹೋದ್ಯಲ್ಲ, ಆ ನೀಲಿ ಚೀಲ ತಂದಿದ್ದೆ" ಅಂದಳು. ಅವನು ತಲೆ ಕೆರೆದುಕೊಂಡು, ಕಾಫಿ ಕುಡಿದು ಹೋದ. ವ್ಯಾಪಾರದ ಲೆಕ್ಕ ಹೀಗೆ ಹದಿನೈದು ದಿನದಲ್ಲಿ ಹೆಚ್ಚುಕಮ್ಮಿ ಚುಕ್ತಾ ಆಯಿತು. ಜಮೀನಿನದು ಆಗಲಿಲ್ಲ.

ನಾಡಕಚೇರಿಯಲ್ಲಿ ಮೂರೂ ನಂಬರಿನ ಪಹಣಿ ತೆಗೆಸಿದೆ. ಒಂಬತ್ತನೇ ಕಾಲಂ ಕಬ್ಜೆದಾರರದು, ಅಂದರೆ ಜಮೀನು ಯಾರ ಹೆಸರಲ್ಲಿದೆ ಅನ್ನೋದು; ಹನ್ನೊಂದನೆಯದು ಹಕ್ಕು ಮತ್ತು ಋಣದ್ದು, ನೋಡಬೇಕಾದ್ದು ಇವೆರಡು. ತೆಂಗಿನ ತೋಟ 4 ಎಕರೆ 10 ಗುಂಟೆ, ಅಪ್ಪ 1988ರಲ್ಲಿ ಕ್ರಯಕ್ಕೆ ತೆಗೆದುಕೊಂಡದ್ದು, ಅಪ್ಪನ ಹೆಸರು. ರಾಗಿ ಹೊಲ 2 ಎಕರೆ, ಅದೂ ಅಪ್ಪನ ಹೆಸರು. ಕೆರೆ ಹಿಂದಿನ ತೋಟ 3 ಎಕರೆ 12 ಗುಂಟೆ. ಅದರ ಒಂಬತ್ತನೇ ಕಾಲಂನಲ್ಲಿ ತಾತ ಕೂತಿದ್ದಾರೆ. 1980ರಲ್ಲಿ ತೀರಿಕೊಂಡ ತಾತ. ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಭೂಮಿ ಪಹಣಿ ಬಂದಾಗಲೂ ಅವರನ್ನು ಹಾಗೇ ಎತ್ತಿ ಒಳಗೆ ಕೂರಿಸಿದ್ದಾರೆ.

ಆ ತೋಟ ಅರ್ಧ ನಮ್ಮದು, ಅರ್ಧ ಚಿಕ್ಕಪ್ಪನದು ಅಂತ ಊರಿಗೆಲ್ಲ ಗೊತ್ತು. ನಡುವೆ ಬದು ಇದೆ. ತಾತ ಹೋದ ವರ್ಷವೇ ಐದು ಜನರನ್ನು ಕೂರಿಸಿಕೊಂಡು ಅಣ್ಣತಮ್ಮಂದಿರು ಬಾಯಿಮಾತಲ್ಲಿ ಹಿಸೆ ಆದರು. ಕಾಗದ ಆಗಲಿಲ್ಲ. ನಲವತ್ತೊಂದು ವರ್ಷ ಯಾಕೆ ಆಗಲಿಲ್ಲ ಅನ್ನೋದಕ್ಕೆ ಅಪ್ಪನ ಹತ್ತಿರ ಒಂದೇ ಉತ್ತರ ಇರುತ್ತಿತ್ತು: "ನಾನೇನು ಕಿತ್ಕೊಳ್ತೀನಾ ಅವನದ್ದ?"

ಮೊದಲು ಸಲೀಸಾದ್ದು ಮುಗಿಸೋಣ ಅಂತ ಅಪ್ಪನ ಹೆಸರಿನ ಎರಡು ನಂಬರಿಗೆ ಅರ್ಜಿ ಹಾಕಿದೆ. ಮರಣ ಪತ್ರ 21 ದಿನದ ಒಳಗೆ ಬರೆಸಿದ್ದರಿಂದ ಆ ತಾಪತ್ರಯ ಇರಲಿಲ್ಲ. ವಂಶವೃಕ್ಷಕ್ಕೆ ಗ್ರಾಮ ಲೆಕ್ಕಿಗರು ಊರಿಗೇ ಬಂದರು. ಊರಿನ ಹಿರಿಯರಿಗೆ ಅವರು ಇವತ್ತಿಗೂ ಶಾನುಭೋಗರೇ. ಜಗಲಿ ಮೇಲೆ ಮಹಜರು. ಅಮ್ಮ, ನಾನು, ಅಕ್ಕ, ತಂಗಿ. ತಂಗಿಯ ಆಧಾರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಅದಕ್ಕೊಂದು ಅಫಿಡವಿಟ್ಟು. ಪಹಣಿಯ ಹನ್ನೊಂದನೇ ಕಾಲಂನಲ್ಲಿ ಅಪ್ಪ ಎಂದೋ ತೀರಿಸಿದ ಒಂದು ಸಾಲ ಇನ್ನೂ ಬದುಕಿತ್ತು. ತೀರುವಳಿ ಪತ್ರ ತಂದು ಅದನ್ನು ತೆಗೆಸೋಕೆ ಮೂರು ವಾರ. ಅಷ್ಟರಲ್ಲಿ ಏಪ್ರಿಲ್ 27ಕ್ಕೆ ಕೊರೊನಾ ಎರಡನೇ ಅಲೆಯ ಲಾಕ್‌ಡೌನ್. ಕಚೇರಿಯ ಬಾಗಿಲಿಗೆ ಹಗ್ಗ ಕಟ್ಟಿದ್ದರು. ತಕರಾರಿಗೆ ಕೊಡುವ 30 ದಿನದ ನೋಟಿಸು ನಮ್ಮ ಪಾಲಿಗೆ ಎರಡೂವರೆ ತಿಂಗಳು ಗೋಡೆ ಮೇಲಿತ್ತು. ಆಗಸ್ಟಿನಲ್ಲಿ ಎಂ.ಆರ್., ಅಂದರೆ ಮ್ಯುಟೇಷನ್, ಆಯಿತು, ಎರಡು ಪಹಣಿಯಲ್ಲೂ ಅಪ್ಪನ ಹೆಸರು ಹೋಗಿ ನಮ್ಮ ನಾಲ್ಕು ಜನರ ಹೆಸರು ಜಂಟಿಯಾಗಿ ಬಂತು.

ತಾತನದು ಬೇರೆ ಕಥೆ. ಸತ್ತವರು ಸತ್ತಿದ್ದಾರೆ ಅನ್ನೋದಕ್ಕೆ ಪುರಾವೆ ಇಲ್ಲ. ಮರಣ ನೋಂದಣಿ ಆಗದೆ ವರ್ಷ ದಾಟಿದರೆ ಆಗಿನ ಕಾನೂನಿನಂತೆ ಜೆ.ಎಂ.ಎಫ್.ಸಿ. (ಮ್ಯಾಜಿಸ್ಟ್ರೇಟ್) ಕೋರ್ಟಿನಿಂದ ಆದೇಶ ತರಬೇಕಿತ್ತು. ಮೊದಲು ರಿಜಿಸ್ಟರಿನಲ್ಲಿ ನಮೂದು ಇಲ್ಲ ಅಂತ ಒಂದು ದೃಢೀಕರಣ, ಆಮೇಲೆ ಕೋರ್ಟಿಗೆ ಅರ್ಜಿ, ಪತ್ರಿಕೆಯಲ್ಲಿ ಪ್ರಕಟಣೆ, ಸಾಕ್ಷಿ. ವಕೀಲರು ಕೇಳಿದ ಮೊದಲ ಪ್ರಶ್ನೆಗೇ ನಾವು ಸಿಕ್ಕಿಬಿದ್ದೆವು. ಸತ್ತ ದಿನಾಂಕ?

ಅಮ್ಮ ಆಗಿನ್ನೂ ಮದುವೆಯಾಗಿ ಬಂದಿರಲಿಲ್ಲ. ಚಿಕ್ಕಪ್ಪ "ಸುಗ್ಗಿ ಆಗಿತ್ತು" ಅಂದ. ಸುಗ್ಗಿಗೆ ತಾರೀಖು ಎಲ್ಲಿಂದ ತರೋದು? ಕೊನೆಗೆ ಸೋದರತ್ತೆ ಮನೆಗೆ ಹೋದೆವು. ಎಂಬತ್ತರ ಹತ್ತಿರದ ಜೀವ, ಕಿವಿ ಮಂದ. ವಕೀಲರು ಜೋರಾಗಿ ಕೇಳಿದರು. ಅತ್ತೆ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟೋದು ನಿಲ್ಲಿಸದೇ ಹೇಳಿದಳು: "ಶಿವರಾತ್ರಿ ಜಾಗರಣೆ ಆಗಿತ್ತು. ಆಮೇಲೆ ಆ ದೊಡ್ಡ ಗ್ರಹಣ ಬಂತಲ್ಲ, ಮಧ್ಯಾಹ್ನದ ಮೇಲೆ ಮಬ್ಬು ಕವೀತಲ್ಲ, ಬೀದೀಲಿ ಒಂದು ನರಪಿಳ್ಳೆ ಇರ್ಲಿಲ್ಲ. ಅಪ್ಪಯ್ಯ ಮಂಚದ ಮೇಲೆ ಇದ್ರು, ಕಿಟಕಿಗೆ ಕಂಬಳಿ ಕಟ್ಟಿದ್ವಿ. ಮಾರನೇ ದಿನ ಅಲ್ಲ, ಅದರಾಚೆ ದಿನ ಹೋದ್ರು. ಸೋಮವಾರ."

ವಕೀಲರು ಮೊಬೈಲಿನಲ್ಲಿ ನೋಡಿದರು. ಆ ಗ್ರಹಣ ಆಗಿದ್ದು 1980ರ ಫೆಬ್ರವರಿ 16, ಶನಿವಾರ. ಹುಬ್ಬಳ್ಳಿ, ರಾಯಚೂರು ಕಡೆ ಪೂರ್ಣ ಗ್ರಹಣ, ನಮ್ಮ ಕಡೆ ಪಾರ್ಶ್ವ. ಅದರಾಚೆ ದಿನ ಅಂದರೆ 18, ಸೋಮವಾರ. ವಕೀಲರು ಅತ್ತೆಯ ಮುಖ ನೋಡಿದರು, ಅತ್ತೆ ಕುಟ್ಟಾಣಿ ನೋಡಿದಳು. ಆ ತಾರೀಖೇ ಅರ್ಜಿಗೆ ಹೋಯಿತು. ಕೋರ್ಟಿನಲ್ಲಿ ಸಾಕ್ಷಿಗೆ ನಿಂತಾಗಲೂ ಅತ್ತೆ ಕಿಟಕಿಗೆ ಕಟ್ಟಿದ ಕಂಬಳಿಯ ಬಣ್ಣದ ಸಮೇತ ಹೇಳಿದಳು. ಜುಲೈನಲ್ಲಿ ಹಾಕಿದ ಅರ್ಜಿಗೆ 2022ರ ಫೆಬ್ರವರಿಯಲ್ಲಿ ಆದೇಶ ಬಂತು. ತಾತ ಅಧಿಕೃತವಾಗಿ ತೀರಿಕೊಂಡರು.

ಈ ನಡುವೆ ಚಿಕ್ಕಪ್ಪನ ಜೊತೆ ಮಾತು ಕೆಟ್ಟಿತು. ಕೆಡಿಸಿದ್ದು ನಾನೇ. ಟ್ರಂಕಿನಲ್ಲಿ ಕೆರೆ ಹಿಂದಿನ ತೋಟದ ಕಂದಾಯದ ರಸೀತಿಗಳು ದಾರದಲ್ಲಿ ಪೋಣಿಸಿಟ್ಟಂತೆ ಸಿಕ್ಕವು. ವರ್ಷ ವರ್ಷವೂ ಅಪ್ಪನೇ ಕಟ್ಟಿದ್ದ, ಚಿಕ್ಕಪ್ಪನ ಅರ್ಧಕ್ಕೂ ಸೇರಿಸಿ. ನನಗೆ ಹೆಮ್ಮೆ ಉಕ್ಕಿತು. ಹೋಗಿ ಚಿಕ್ಕಪ್ಪನ ಮುಂದೆ ಆ ದಾರ ಇಟ್ಟು, "ನೋಡು, ಅಪ್ಪ ನಿನ್ನ ಪಾಲಿಂದೂ ಕಟ್ಕೊಂಡು ಬಂದಿದ್ದಾನೆ" ಅಂದೆ.

ಚಿಕ್ಕಪ್ಪ ರಸೀತಿ ಒಂದೊಂದೇ ತಿರುವಿದ. "ಕಂದಾಯ ಎಷ್ಟು ಮಗಾ? ವರ್ಷಕ್ಕೆ ಹತ್ತೋ ಇಪ್ಪತ್ತೋ. ಅದನ್ನ ಕಟ್ಟಿದ. ನನ್ನ ಹೆಸರಿಗೆ ಪಹಣಿ ಮಾಡಿಸಿಕೊಡು ಅಂತ ನಾನು ಎಷ್ಟು ಸಲ ಕೇಳಿದ್ದೀನಿ, ನಿಮ್ಮಮ್ಮನ್ನ ಕೇಳು. ಸೊಸೈಟೀಲಿ ನಂಗೆ ಒಂದು ರೂಪಾಯಿ ಸಾಲ ಹುಟ್ಟಲಿಲ್ಲ. ಬೋರ್‌ವೆಲ್ ಸಬ್ಸಿಡಿ ಅಂದ್ರು, ಪಹಣಿ ತಾ ಅಂದ್ರು. ಬರ ಪರಿಹಾರ, ಪಹಣಿ. ಪಿ.ಎಂ. ಕಿಸಾನ್, ಪಹಣಿ. ಊರಿಗೆಲ್ಲ ರೈತ ನಾನು, ಕಚೇರಿಗೆ ಕೂಲಿ."

ಅವತ್ತು ರಾತ್ರಿ ಅಮ್ಮನನ್ನು ಕೇಳಿದೆ. ಅಮ್ಮ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ನಿಮ್ಮಪ್ಪನಿಗೆ ಕಚೇರಿ ಅಲೆಯೋದು ಅಂದ್ರೆ ಆಗ್ತಿರಲಿಲ್ಲ" ಅಂದಳು. ಆದರೆ 1988ರಲ್ಲಿ ತೋಟ ಕೊಂಡಾಗ ಅದೇ ಅಪ್ಪ ಕ್ರಯಪತ್ರ ರಿಜಿಸ್ಟರ್ ಮಾಡಿಸಿ, ಖಾತೆಯನ್ನೂ ತಡಮಾಡದೆ ಮಾಡಿಸಿಕೊಂಡಿದ್ದ; ಆ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಮಡಿಕೆ ಮುರಿಯದೆ ಇದೆ. ಮಾತಿನ ಮೇಲೆ ನಡೆಯೋ ಮನುಷ್ಯ ಅಂತ ಅಪ್ಪನಿಗೆ ಹೆಸರು. ಮಾತಿನ ಮೇಲೆ ನಡೆಯೋದು ಅಪ್ಪನಿಗೆ ಸಲೀಸಾಗಿತ್ತು, ಯಾಕಂದ್ರೆ ಅವನ ಸ್ವಂತದ್ದೆಲ್ಲ ಕಾಗದದ ಮೇಲಿತ್ತು. ಇದನ್ನು ಬರೆಯೋಕೆ ನನಗೆ ಕಷ್ಟವಾಗುತ್ತೆ, ಆದರೂ ಬರೆದಿಟ್ಟಿರಲಿ.

ಮೇ ತಿಂಗಳಲ್ಲಿ ತಾತನ ನಂಬರಿಗೂ ಪೌತಿ ಆಯಿತು. ಚಿಕ್ಕಪ್ಪ, ಅತ್ತೆ, ಅಪ್ಪನ ಕಡೆಯಿಂದ ನಾವು ನಾಲ್ವರು, ಆರು ಹೆಸರು. ಅತ್ತೆಗೆ ತನ್ನ ಹೆಸರು ಬಂದದ್ದೇ ತಮಾಷೆ. "ನಂಗ್ಯಾಕೋ ಇದು, ಎಲ್ಲಿ ಹೆಬ್ಬೆಟ್ಟು ಬೇಕು ಹೇಳು" ಅಂದಳು.

ಇನ್ನು ವಿಭಾಗ. ಸರ್ವೆ ನಂಬರಿನ ಒಂದು ತುಂಡನ್ನು ಒಬ್ಬರಿಗೆ ಬರೆಯಬೇಕಾದರೆ ಆ ತುಂಡನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಅದಕ್ಕೆ ಅರ್ಜಿ, ದುಡ್ಡು, ಸರದಿ, ಲೈಸೆನ್ಸ್ ಸರ್ವೆಯರು. ಅವರು ಬಂದ ದಿನ ಕೆರೆ ಹಿಂದಿನ ತೋಟದಲ್ಲಿ ಅರ್ಧ ಊರೇ ಇತ್ತು. ಹಳೇ ಟಿಪ್ಪಣಿ ಹಿಡಿದು ಬಾಂದು ಕಲ್ಲು ಹುಡುಕಿದೆವು. ಮೂರು ಸಿಕ್ಕವು, ನಾಲ್ಕನೆಯದು ಲಂಟಾನದ ಬುಡದಲ್ಲಿ ಅರ್ಧ ಹೂತಿತ್ತು. ಸರಪಳಿ 33 ಅಡಿ. ಉದ್ದಕ್ಕೆ ಒಂದು ಸರಪಳಿ, ಅಗಲಕ್ಕೆ ಒಂದು ಸರಪಳಿ ಆದರೆ ಒಂದು ಗುಂಟೆ. ಸರಪಳಿ ಎಳೆಯುವ ಹುಡುಗ ಪ್ರತಿ ಸಲ ನೆಲಕ್ಕೆ ಕಡ್ಡಿ ಚುಚ್ಚಿದಾಗಲೂ ಚಿಕ್ಕಪ್ಪನ ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದ. ಸಂಜೆಗೆ ಸರ್ವೆಯರು ಹೇಳಿದರು: ಪಹಣಿಯಲ್ಲಿ 3 ಎಕರೆ 12 ಗುಂಟೆ, ನೆಲದ ಮೇಲೆ 3 ಎಕರೆ 1 ಗುಂಟೆ.

11 ಗುಂಟೆ ಹಳ್ಳ ತಿಂದಿತ್ತು. ಹಳ್ಳ ಇರೋದು ಚಿಕ್ಕಪ್ಪನ ಕಡೆ. ಹಳೇ ಬದು ಹಾಗೇ ಇಟ್ಟರೆ ನಮಗೆ ಪೂರ್ತಿ 1 ಎಕರೆ 26 ಗುಂಟೆ, ಅವನಿಗೆ 1 ಎಕರೆ 15. ಬದು ಹಾಕಿದಾಗ ಹಳ್ಳ ಎಷ್ಟೋ ದೂರ ಇತ್ತು, ಅದು ಯಾರ ತಪ್ಪೂ ಅಲ್ಲ. ನನ್ನ ಭಾವಮೈದ ನನ್ನನ್ನು ಪಕ್ಕಕ್ಕೆ ಕರೆದು, "ಬದು ನಲವತ್ತು ವರ್ಷದಿಂದ ಅಲ್ಲೇ ಇದೆ, ಮಾತಾಡಬೇಡಿ ಭಾವ" ಅಂದ. ಕಾನೂನಿನಲ್ಲಿ ಅವನು ಹೇಳಿದ್ದು ನಡೆಯುತ್ತಿತ್ತೋ ಏನೋ. ಎರಡು ರಾತ್ರಿ ಯೋಚಿಸಿ ಬದುವನ್ನು ಐದೂವರೆ ಗುಂಟೆ ನಮ್ಮ ಕಡೆಗೆ ಸರಿಸೋಕೆ ಒಪ್ಪಿದೆ. ದೊಡ್ಡತನ ಅಂತಲ್ಲ, ಆ ರಸೀತಿಯ ದಾರ ಚಿಕ್ಕಪ್ಪನ ಮುಂದೆ ಇಟ್ಟಿದ್ದು ನೆನಪಾದಾಗೆಲ್ಲ ಮೈ ಕುಗ್ಗುತ್ತಿತ್ತು. ಆ ಐದೂವರೆ ಗುಂಟೆಯಲ್ಲಿ ಅಪ್ಪ ನೆಟ್ಟ ಆರು ತೆಂಗು ಇದ್ದವು. ಅಮ್ಮ ಇರೋವರೆಗೂ ಆ ಆರು ಮರದ ಕಾಯಿ ಅಮ್ಮನಿಗೇ ಅಂತ ಚಿಕ್ಕಪ್ಪ ಅಂದ. ಇದು ಯಾವ ಪತ್ರದಲ್ಲೂ ಇಲ್ಲ.

ಅಕ್ಕನದು ಇದಕ್ಕಿಂತ ಸೂಕ್ಷ್ಮ. ನಾನೂ ಎಲ್ಲರಂತೆ, ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಬರೆದುಕೊಡ್ತಾರೆ ಅಂದುಕೊಂಡೇ ಹೊರಟಿದ್ದೆ. ಕೇಳಿರಲೂ ಇಲ್ಲ. ಅಕ್ಕನ ಮದುವೆ 1993ರಲ್ಲಿ. ಪತ್ರ ಬರಹಗಾರರು "94ರ ಕಾನೂನು, ಅದಕ್ಕೆ ಮುಂಚೆ ಮದುವೆ ಆದೋರಿಗೆ ಪಾಲಿಲ್ಲ" ಅಂತ ಖಡಾಖಂಡಿತ ಹೇಳಿದರು. ನಮ್ಮ ರಾಜ್ಯದ 1994ರ ತಿದ್ದುಪಡಿಯಲ್ಲಿ ಹಾಗೇ ಇತ್ತು, ಊರ ಕಡೆ ಅದೇ ಮಾತು ಇನ್ನೂ ಓಡಾಡುತ್ತಿದೆ. ಆಮೇಲೆ 2005ರ ಕೇಂದ್ರದ ತಿದ್ದುಪಡಿ ಬಂತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಅಂತ ತೀರ್ಪು ಕೊಟ್ಟಿತು. ಅಪ್ಪ ಸ್ವಂತ ಕೊಂಡಿದ್ದರಲ್ಲಂತೂ ಉಯಿಲು ಬರೆಯದೆ ಹೋದ ಮೇಲೆ ಅಮ್ಮ, ಮೂರು ಮಕ್ಕಳು ಎಲ್ಲ ಸಮ. ಅದು 1956ರಿಂದ ಇರುವ ಕಾನೂನು. ವಕೀಲರು ಇದನ್ನು ನನಗೆ ಹೇಳಿದಾಗ ಅಕ್ಕ ಪಕ್ಕದ ಕುರ್ಚಿಯಲ್ಲೇ ಇದ್ದಳು. ಬಸ್ಸಿನಲ್ಲಿ ಬರುತ್ತಾ ಇಬ್ಬರೂ ಮಾತಾಡಲಿಲ್ಲ.

ಊರ ಬಾಗಿಲಲ್ಲಿ ಇಳಿದ ಮೇಲೆ ಅಕ್ಕ ಹೇಳಿದಳು: "ನಂಗೆ ಒಂದು ಎಕರೆ ಕೊಡು. ರಸ್ತೆ ಕಡೆದು ಬೇಡ, ಬಾವಿ ಇರೋ ಕಡೆ. ನಾನು ಆ ಬಾವಿಗೆ ಎಷ್ಟು ಸಲ ಇಳಿದಿದ್ದೀನಿ ನಿಂಗೇನು ಗೊತ್ತು, ನೀನು ಹಾಸ್ಟೆಲಲ್ಲಿದ್ದೆ."

ತೋಟದ ಬಾವಿ ಕಡೆಯ 1 ಎಕರೆ ಅಕ್ಕನಿಗೆ ಹೋಯಿತು. ಅದು ಸಮಪಾಲಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ತಂಗಿ ಪೂರ್ತಿ ಬಿಟ್ಟುಕೊಟ್ಟಳು. ಅವಳು ಖುಷಿಯಿಂದಲೇ ಬಿಟ್ಟಳಾ, ಅವಳ ಮನೆಯವರು ಎದುರಿಗಿದ್ದರು ಅಂತ ಬಿಟ್ಟಳಾ, ಕೇಳೋ ಧೈರ್ಯ ನನಗೆ ಬರಲಿಲ್ಲ.

ಮಿಲ್ಲಿನ ವಿಷಯಕ್ಕೆ ಬಂದರೆ ನಗು ಬರುತ್ತೆ. ಅದು ಇರೋದು ರಾಗಿ ಹೊಲದ ಮೂಲೆಯ 4 ಗುಂಟೆಯಲ್ಲಿ. ಅಪ್ಪ ಭೂಪರಿವರ್ತನೆ ಮಾಡಿಸಿಯೇ ಇರಲಿಲ್ಲ, ಹಾಗಾಗಿ ಪಂಚಾಯ್ತಿಯಲ್ಲಿ ಇ-ಸ್ವತ್ತು (ಕಂಪ್ಯೂಟರಿನ ಆಸ್ತಿ ಖಾತೆ) ಆಗ ಆಗಲಿಲ್ಲ. ಪಹಣಿಯ ಲೆಕ್ಕದಲ್ಲಿ ಆ ನಾಲ್ಕು ಗುಂಟೆಯಲ್ಲೂ ರಾಗಿ ಬೆಳೆಯುತ್ತಿದೆ. ಪೂರ್ತಿ ಸುಳ್ಳೂ ಅಲ್ಲ, ಹತ್ತು ಊರಿನ ರಾಗಿ ಅಲ್ಲೇ ಬೀಳುತ್ತಿತ್ತು. ವಿಭಾಗ ಪತ್ರದಲ್ಲಿ ಜಾಗ ಜಮೀನಾಗಿ ನನಗೆ ಬಂತು, ಮೋಟಾರು, ಕಲ್ಲು, ತಕ್ಕಡಿ ಚರಸ್ವತ್ತಾಗಿ. ಕರೆಂಟಿನ ಆರ್.ಆರ್. ನಂಬರನ್ನು (ಸಂಪರ್ಕದ ನಂಬರು) ನನ್ನ ಹೆಸರಿಗೆ ಬದಲಾಯಿಸೋಕೆ ಅವರೂ ಜಾಗದ ದಾಖಲೆ ಕೇಳಿದರು. ಇನ್ನೂ ಕೊಟ್ಟಿಲ್ಲ. ಬಿಲ್ಲು ಅಪ್ಪನ ಹೆಸರಿಗೇ ಬರುತ್ತೆ, ನಾನು ಕಟ್ಟುತ್ತೇನೆ.

ಅಟ್ಟದ ಕಾಯಿಯ ಮಾತು ಬಿಟ್ಟೆ. ಉಂಡೆ ಕೊಬ್ಬರಿ ಆಗೋಕೆ ಕಾಯಿ ಮಟ್ಟೆ ಸಮೇತ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂರಬೇಕು, ಒಳಗಿನ ನೀರೆಲ್ಲ ಇಂಗಿ ಗಿಟುಕು ಚಿಪ್ಪು ಬಿಡಬೇಕು. ಅಪ್ಪ ಹೋದಾಗ ಮೇಲೆ ಇದ್ದದ್ದೆಲ್ಲ ಅವನೇ ಹತ್ತಿಸಿದ ಕಾಯಿ. ಲಾಕ್‌ಡೌನ್ ಮುಗಿದ ಮೇಲೆ ಅಟ್ಟ ಹತ್ತಿ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಿಟುಕು ಗಡಗಡ ಅಂದರೆ ಒಣಗಿದೆ. ನೀರು ತುಳುಕಿದರೆ ಇನ್ನೂ ಬಿಡಬೇಕು. ಅಪ್ಪನಿಗೆ ಕೈಗೆತ್ತಿಕೊಂಡ ಭಾರದಲ್ಲೇ ತಿಳಿಯುತ್ತಿತ್ತು, ನನಗೆ ಅರ್ಧಕ್ಕರ್ಧ ತಪ್ಪಿತು. ಒಡೆದ ಮೇಲೆ ಎರಡು ಚೀಲ 'ತೇವ'. ತಿಪಟೂರಿನಲ್ಲಿ ಆ ಎರಡು ಚೀಲಕ್ಕೆ ರೇಟು ಮುರಿದರು. ಅಪ್ಪನ ಪುಸ್ತಕದಲ್ಲಿ ಬಳೆಗಾರ್ತಿ ಮಗನ ಹೆಸರಿನ ಕೆಳಗೆ ನನ್ನದನ್ನೂ ಬರೆದೆ.

ರಿಜಿಸ್ಟ್ರೇಷನ್ ಆಗಿದ್ದು 2022ರ ಸೆಪ್ಟೆಂಬರಿನಲ್ಲಿ. ಒಂದು ಓಮ್ನಿ, ಒಂದು ಆಟೋ, ಎರಡು ಬೈಕು. ಫೋಟೋ ತೆಗೆಯುವಾಗ ಅತ್ತೆಗೆ ಕ್ಯಾಮೆರಾ ಎಲ್ಲಿದೆ ಅಂತ ಕೊನೆವರೆಗೂ ತಿಳಿಯಲಿಲ್ಲ, ಪತ್ರದಲ್ಲಿ ಅವಳು ಛಾವಣಿ ನೋಡುತ್ತಿದ್ದಾಳೆ. ಚಕ್ಕುಬಂದಿ ಓದಿ ಹೇಳುವಾಗ "ಪೂರ್ವಕ್ಕೆ ಹಳ್ಳ" ಅಂದಾಗ ಚಿಕ್ಕಪ್ಪ "ಬರ್ಕೊಳ್ಳಿ, ಇನ್ನೂ ಬರ್ತಾ ಇದೆ ಅದು" ಅಂದ. ಬರೆಯುವವನೂ ನಕ್ಕ. ಅಕ್ಟೋಬರಿಗೆ ಹೊಸ ಪಹಣಿಗಳು ಬಂದವು. ಚಿಕ್ಕಪ್ಪ ಮೂರು ಜೆರಾಕ್ಸ್ ತೆಗೆಸಿ, ಒಂದನ್ನು ಸೊಸೈಟಿಗೆ ಅವತ್ತೇ ಕೊಟ್ಟ.

ಮುಂದಿನ ಆಷಾಢದಲ್ಲಿ ಅಕ್ಕ ಇಬ್ಬರು ಆಳು ಕರೆದುಕೊಂಡು ಬೆಳಿಗ್ಗೆ ಏಳಕ್ಕೇ ತೋಟಕ್ಕೆ ಬಂದಳು. ಮನೆಗೆ ಬರಲಿಲ್ಲ, ನೇರ ಬಾವಿ ಕಡೆ. ನಾನು ಕಾಫಿ ತೆಗೆದುಕೊಂಡು ಹೋಗುವಷ್ಟರಲ್ಲಿ ಸೀಮೆಸುಣ್ಣದಲ್ಲಿ ಮರಗಳಿಗೆ ನಂಬರು ಹಾಕಿಯಾಗಿತ್ತು.

"ನಲವತ್ತಮೂರು ಅಂದಿದ್ದೆ. ನಲವತ್ತೊಂದೇ ಇರೋದು. ಇನ್ನೆರಡು ಎಲ್ಲೋ?"

ಮೇ ತಿಂಗಳ ಗಾಳಿಗೆ ಬಿದ್ದವು ಅಂದೆ. ಅವಳು ಲೋಟ ಕೈಯಲ್ಲಿ ಹಿಡಿದೇ, "ಬೊಡ್ಡೆ ತೋರಿಸು" ಅಂತ ಮುಂದೆ ನಡೆದಳು. ತೋರಿಸಿದೆ.